ಅಟ್ಟದ ಮೇಲೆ ಮಾಗಿದ ಗಿಟಾರು

ಆ ವರ್ಷ ಒಂದು ಕ್ವಿಂಟಾಲ್ ಉಂಡೆ ಕೊಬ್ಬರಿಗೆ ತಿಪಟೂರಿನಲ್ಲಿ ಇಪ್ಪತ್ತಾರು ಸಾವಿರ ಬಂತು. ದನದ ಕೊಟ್ಟಿಗೆಗೆ ಹೊಸ ಶೀಟು ಹೊದಿಸಲು ಕಬ್ಬಿಣ, ಕೂಲಿ ಎಲ್ಲ ಸೇರಿ ಇಪ್ಪತ್ತೈದು ಸಾವಿರ. ಕಾಯಿ ಕೀಳುವವನಿಗೆ ಮರಕ್ಕಿಷ್ಟು, ಸುಲಿಯುವವನಿಗೆ ಸಾವಿರ ಕಾಯಿಗಿಷ್ಟು, ಇಬ್ಬರಿಗೂ ಕಾಫಿ ತಿಂಡಿ ಬೇರೆ. ಹೊನ್ನವಳ್ಳಿಯಲ್ಲಿ ಈ ಬೆಲೆಗಳು ಅಂಗನವಾಡಿ ಮಕ್ಕಳಿಗೂ ಬಾಯಿಪಾಠ. ಆದರೆ ಒಂದು ಎಲೆಕ್ಟ್ರಿಕ್ ಗಿಟಾರಿಗೆ ಎಷ್ಟು ಕೊಡಬಹುದು ಎಂಬುದು ಮಾತ್ರ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಡಸಿದ್ದಪ್ಪ ಇಪ್ಪತ್ತೈದು ಸಾವಿರ ಕೊಟ್ಟು ಬಂದು ಊರಿನ ಆ ಕೊರತೆಯನ್ನು ನೀಗಿಸಿದ.

ಕೊಡುವಾಗ ಅವನಿಗೆ ದುಡ್ಡು ಕೈಬಿಟ್ಟು ಹೋಗುತ್ತಿದೆ ಎಂದೇ ಅನ್ನಿಸಲಿಲ್ಲ. ಕೊಬ್ಬರಿ ಮಾರಿದ ದುಡ್ಡನ್ನು ಒಳಜೇಬಿನಲ್ಲಿಟ್ಟುಕೊಂಡು, ಶೀಟಿನ ಅಂಗಡಿಗೆ ಹೋಗುವ ದಾರಿಯಲ್ಲಿ, ತೋಟದ ಗೇಟಿಗೆ ಒಂದು ಡಬ್ಬಿ ಹಸಿರು ಬಣ್ಣ ತೆಗೆದುಕೊಳ್ಳೋಣವೆಂದು ಸೂರ್ಯಪ್ರಕಾಶನ ಪೇಂಟ್ ಅಂಗಡಿ ಹೊಕ್ಕಿದ್ದ. ಡಬ್ಬಿಗಳ ಹಿಂದೆ, ಗಾಜಿನ ಬೀರುವಿನೊಳಗೆ, ಸಣ್ಣ ದೀಪದ ಕೆಳಗೆ ಮೂರು ಗಿಟಾರುಗಳು ನಿಂತಿದ್ದವು. ಒಂದು ಕೆಂಪು, ಒಂದು ಬಿಳಿ. ಮೂರನೆಯದರ ಬಣ್ಣಕ್ಕೆ ಆ ಅಂಗಡಿಯ ಶೇಡ್ ಕಾರ್ಡಿನಲ್ಲಿ ಕೂಡ ಹೆಸರಿರಲಿಲ್ಲ. ನಡುವೆ ಜೇನು, ಅಂಚಿಗೆ ಹೋಗುತ್ತಾ ಕಂದು, ತೀರ ಅಂಚಿನಲ್ಲಿ ಕಪ್ಪು. ಮರದಲ್ಲೇ ಬಲಿತ ತೆಂಗಿನಕಾಯಿ ಇನ್ನೇನು ಉದುರಬೇಕು ಎನ್ನುವಾಗ ಅದರ ಮೇಲೆ ಸಂಜೆ ಬಿಸಿಲು ಬಿದ್ದರೆ ಇರುವ ಬಣ್ಣ. ಕಾಡಸಿದ್ದಪ್ಪ ಹುಟ್ಟಿದಾಗಿನಿಂದ ಆ ಬಣ್ಣದ ಕೆಳಗೇ ಓಡಾಡಿದವನು. ಯಾರೋ ಅದನ್ನು ಮರದಿಂದ ಇಳಿಸಿ, ಮೆರುಗು ಕೊಟ್ಟು, ತಂತಿ ಬಿಗಿದು ಗಾಜಿನೊಳಗೆ ನಿಲ್ಲಿಸಿಬಿಟ್ಟಿದ್ದಾರೆ ಎಂದು ಅವನಿಗೆ ತೋರಿತು.

ಅವನು ನೋಡುತ್ತಾ ನಿಂತ. ಎಷ್ಟು ಹೊತ್ತು ನಿಂತನೆಂದರೆ, ಗಿರಾಕಿಗೆ ಎದೆನೋವೇನಾದರೂ ಬಂತೋ ಎಂದು ಸೂರ್ಯಪ್ರಕಾಶ್ ಸ್ಟೂಲು ತಂದಿಟ್ಟ.

"ನುಡಿಸ್ತೀರಾ ಸರ್?"

"ಇಲ್ಲ. ನೀವು?"

"ಛೆ ಛೆ," ಅಂದ ಸೂರ್ಯಪ್ರಕಾಶ್, ಕೇಳಬಾರದ್ದನ್ನು ಕೇಳಿಸಿಕೊಂಡವನಂತೆ. "ನುಡಿಸಿದ್ರೆ ಬೆವರು ಹತ್ತಿ ತಂತಿ ತುಕ್ಕು ಹಿಡಿಯುತ್ತೆ. ಇಂಥದ್ದನ್ನ ನೋಡ್ಬೇಕು ಸರ್. ನೋಡೋದೇ ಒಂದು ವಿದ್ಯೆ."

ಹೀಗೆ ಕಾಡಸಿದ್ದಪ್ಪನಿಗೆ ತಿಪಟೂರು ಸೀಮೆಯ ಗಿಟಾರು ಬಳಗದ ಪರಿಚಯವಾಯಿತು. ಬಳಗ ಅಂದರೆ ಇಬ್ಬರು. ಒಬ್ಬ ಸೂರ್ಯಪ್ರಕಾಶ್. ಇನ್ನೊಬ್ಬ ಅಮ್ಮಸಂದ್ರದ ದಯಾನಂದ್, ಸಿಮೆಂಟ್ ಲಾರಿಗಳ ತೂಕ ನೋಡುವ ಕೆಲಸದವನು, ಮಿತಭಾಷಿ, ನೀಲಿ ಗಿಟಾರಿನ ಒಡೆಯ. ಆಗೊಂದು ಈಗೊಂದು ಭಾನುವಾರ ಇವರು ಒಬ್ಬರ ಮನೆಯಲ್ಲಿ ಸೇರುತ್ತಾರೆ. ಪೆಟ್ಟಿಗೆ ತೆರೆಯುತ್ತಾರೆ. ನೋಡುತ್ತಾರೆ. ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾರೆ. ನಿಟ್ಟುಸಿರು ಬಿಡುತ್ತಾರೆ. ಪೆಟ್ಟಿಗೆ ಮುಚ್ಚಿ ಉಪ್ಪಿಟ್ಟು ತಿನ್ನುತ್ತಾರೆ. ಬಳಗ ಸೇರಲು ನುಡಿಸಲು ಬರಬೇಕೆಂದಿಲ್ಲ, ಆದರೆ ಸ್ವಂತ ಗಿಟಾರು ಇರಲೇಬೇಕು. ಜೇನಿನ ಬಣ್ಣದ್ದನ್ನು ಕೊಡುವ ಮನಸ್ಸು ತನಗಿರಲಿಲ್ಲವೆಂದೂ, ನಿಮ್ಮ ಕಣ್ಣು ನೋಡಿ ಕೊಡುತ್ತಿದ್ದೇನೆಂದೂ ಸೂರ್ಯಪ್ರಕಾಶ್ ಹೇಳಿದ. ದುಡ್ಡು ಎಣಿಸಿಕೊಂಡ ಮೇಲೆ ಒಂದು ಬುದ್ಧಿಮಾತನ್ನೂ ಕೊಟ್ಟ.

"ಗಿಟಾರಿನ ಪ್ರಾಣ ಇರೋದು ಮರದಲ್ಲಿ ಸರ್. ಮರ ಒಣಗಿದಷ್ಟೂ ಬೆಲೆ. ಚೆನ್ನಾಗಿ ಒಣಗಿದ ಹಳೇ ಗಿಟಾರಿಗೆ ಹೊರದೇಶದಲ್ಲಿ ಮನೆ ಮಾರಿ ದುಡ್ಡು ಕೊಡ್ತಾರೆ."

ಈ ಮಾತನ್ನು ಬೇರೆ ಸೀಮೆಯವನು ಕೇಳಿದ್ದರೆ ತಲೆಯಾಡಿಸಿ ಮರೆಯುತ್ತಿದ್ದ. ಕೇಳಿದವನು ಹೊನ್ನವಳ್ಳಿಯ ತೆಂಗಿನ ತೋಟದವನು.

ಮನೆಯಲ್ಲಿ ಗುರುಶಾಂತಮ್ಮ ಕೊಟ್ಟಿಗೆಯ ಅಳತೆ ಹಿಡಿದುಕೊಂಡು ಕಾಯುತ್ತಿದ್ದಳು. ಗಂಡ ಬಸ್ಸಿಳಿದು ಉದ್ದನೆಯ ಕಪ್ಪು ಪೆಟ್ಟಿಗೆಯೊಂದನ್ನು ಮಗುವಿನಂತೆ ಎತ್ತಿಕೊಂಡು ಬಂದದ್ದನ್ನು ನೋಡಿದಳು.

"ಇದೇನ್ರಿ, ಶೀಟು ಮಡಚಿ ಕೊಟ್ಟವ್ರಾ?"

ಕಾಡಸಿದ್ದಪ್ಪ ಪೆಟ್ಟಿಗೆ ತೆರೆದ. ಜಗುಲಿಯ ಮೇಲೆ ಒಂದು ಸಣ್ಣ ಸಂಜೆ ಹರಡಿಕೊಂಡಿತು. ಗುರುಶಾಂತಮ್ಮ ಅದನ್ನು ನೋಡಿದಳು, ಗಂಡನ ಮುಖ ನೋಡಿದಳು, ಸೂರು ಹರಿದ ಕೊಟ್ಟಿಗೆಯನ್ನೂ ನೋಡಿದಳು.

"ಖರ್ಚು ಅನ್ಕಬೇಡ ಕಣೇ," ಅಂದ ಅವನು. "ಇದು ಮಾಲು. ಅಟ್ಟದ ಮ್ಯಾಲೆ ಮಡಗಿದ್ರೆ ಒಣಗಿ ಬೆಲೆ ಏರ್ತದೆ. ಕೊಬ್ಬರಿ ಇದ್ದಂಗೇಯ."

ಇದು ಅವಳಿಗೆ ಅರ್ಥವಾಗುವ ಭಾಷೆ. ಆದ್ದರಿಂದ ಕೂಗಾಡದೆ, ಅದೇ ಭಾಷೆಯಲ್ಲಿ ಕರಾರು ಹಾಕಿದಳು.

"ಸರಿ. ಮಳೆ ಹಿಡಿಯಾಕೆ ಮುಂಚೆ ಆ ನಿಮ್ಮ ಗಿಟಾರಿನೋರನ್ನ ನಮ್ಮನೇಗೆ ಕರೀರಿ. ಕೊಟ್ಟ ದುಡ್ಡಿಗಿಂತ ಒಂದ್ರುಪಾಯಿ ಹೆಚ್ಚು ಬಾಳ್ತದೆ ಅಂತ ಅವ್ರು ಅಂದ್ರೆ ಇಟ್ಕಳಿ, ನಾನು ಮಾತೆತ್ತಲ್ಲ. ಕಮ್ಮಿ ಅಂದ್ರೋ, ಅವತ್ತೇ ವಾಪಸ್ ಕೊಟ್ಟು ಶೀಟು ತರ್ಬೇಕು."

ತೆಂಗಿನಕಾಯಿ ಕೊಬ್ಬರಿಯಾಗುವುದು ಹೇಗೆಂದು ಪಟ್ಟಣದವರಿಗೆ ಒಂದು ಮಾತು ಹೇಳಬೇಕು. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ವರ್ಷದ ಹತ್ತಿರ ಹತ್ತಿರ ಬಿಡುತ್ತಾರೆ. ಕೆಳಗೆ ಆಗಾಗ ಸಣ್ಣ ಹೊಗೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ನಿಲ್ಲುತ್ತದೆ. ಮಾರುವವರೆಗೆ ಒಡೆದು ನೋಡುವಂತಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಸದ್ದಿಲ್ಲದಿದ್ದರೆ ಹಸಿ. ನೀರು ತುಳುಕಿದರೆ ಎಳಸು. ಲೊಡಲೊಡ ಅಂದರೆ ಅದು ಮಾಗಿದ ಮಾಲು, ಮೇಲ್ದರ್ಜೆ. ಈ ಸೀಮೆಯಲ್ಲಿ ಕೈಗೆ ಸಿಕ್ಕ ಏನನ್ನೇ ಆಗಲಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಯಾರೂ ಕೆಳಗಿಡುವುದಿಲ್ಲ.

ಗಿಟಾರು ಅಟ್ಟ ಸೇರಿತು, ಕಾಯಿಗಳ ನಡುವೆ, ಮೆತ್ತನೆಯ ಹಳೆ ಕಂಬಳಿಯ ಮೇಲೆ. ದಿನಾ ಸಂಜೆ ಕಾಡಸಿದ್ದಪ್ಪ ಏಣಿ ಹತ್ತುತ್ತಿದ್ದ. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಹೊಗೆ ನಿಧಾನವಾಗಿ ಏಳುತ್ತಿತ್ತು. ಆ ಹೊಗೆಯಲ್ಲಿ ಜೇನಿನ ಬಣ್ಣ ತೇಲುತ್ತಿತ್ತು, ಮುಳುಗುತ್ತಿತ್ತು. ಅವನು ಪಕ್ಕದಲ್ಲಿ ಕೂತು ನೋಡುತ್ತಿದ್ದ. ಹೊರಗೆ ಗರಿಗಳು ಒಂದಕ್ಕೊಂದು ಏನೋ ಹೇಳಿಕೊಳ್ಳುತ್ತಿದ್ದವು. ತಾನು ಒಂದು ದೊಡ್ಡ ವೇದಿಕೆಯ ಮೇಲೆ ನಿಂತಂತೆ, ಮುಂದೆ ಸಾವಿರಾರು ತೆಂಗಿನ ಮರಗಳು ತಲೆದೂಗುತ್ತಾ ಕೇಳುತ್ತಿರುವಂತೆ ಅವನಿಗೆ ಅನ್ನಿಸುತ್ತಿತ್ತು. ಏನು ನುಡಿಸುತ್ತಿದ್ದೆ ಎಂಬುದು ಮಾತ್ರ ಕನಸಿನಲ್ಲೂ ಸ್ಪಷ್ಟವಿರಲಿಲ್ಲ. ಏಳುವ ಮುಂಚೆ ಉಗುರಿನಿಂದ ಗಿಟಾರಿನ ಬೆನ್ನು ತಟ್ಟಿ, ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಅಲ್ಲಾಡಿಸುತ್ತಿದ್ದ. ಸದ್ದಿಲ್ಲ. ಇನ್ನೂ ಹಸಿ.

ಪಕ್ಕದ ಮನೆಯ ಚಿಕ್ಕಗೌರಮ್ಮ ಒಮ್ಮೆ ಮಜ್ಜಿಗೆ ಕೇಳಲು ಬಂದವಳು ಏಣಿಯ ಕೆಳಗಿನಿಂದ ಇದನ್ನು ಕಂಡಳು.

"ಏನಂತದೆ ಸಿದ್ದಪ್ಪ?"

"ಇನ್ನೂ ಏನೂ ಅಂತಿಲ್ಲ ಕಣವ್ವ."

"ಒಂದ್ಕಿತ ಬೇಸ್ಗೆ ಕಳೀಲಿ ಬುಡು," ಅಂದಳು ಮುದುಕಿ, ಇದರಲ್ಲಿ ವಿಚಿತ್ರವೇನೂ ಕಾಣದೆ.

ಬೇಸಿಗೆ ಏರಿತು. ಹೆಂಚು ಕಾದು ಅಟ್ಟ ಒಲೆಯಾಯಿತು. ಮೇ ತಿಂಗಳ ಒಂದು ಸಂಜೆ ಕಾಡಸಿದ್ದಪ್ಪ ಎಂದಿನಂತೆ ಗಿಟಾರನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಲೊಡಲೊಡ. ಇನ್ನೊಮ್ಮೆ ಅಲ್ಲಾಡಿಸಿದ. ಲೊಡಲೊಡಲೊಡ. ಅವನ ಕಣ್ಣಲ್ಲಿ ನೀರು ಬಂತು. ಅರ್ಧ ಹೊಗೆಗೆ, ಅರ್ಧ ಸಂತೋಷಕ್ಕೆ. ಕೆಳಗಿಳಿದು ಬಂದು ಸೂರ್ಯಪ್ರಕಾಶನಿಗೆ ಫೋನು ಮಾಡಿದ.

"ಭಾನುವಾರ ಬನ್ನಿ. ಆಗೈತೆ."

"ಏನಾಗಿದೆ ಸರ್?"

"ಬನ್ನಿ, ಕೇಳೀರಂತೆ."

ಭಾನುವಾರ ಬೆಳಿಗ್ಗೆ ತೆಂಗಿನ ಮರಗಳ ನೆರಳಲ್ಲಿ ಚಾಪೆ ಹಾಸಿ, ಮೇಲೆ ಮದುವೆಯ ಜಮಖಾನ ಹೊದಿಸಿದರು. ತಿಪಟೂರಿನಿಂದ ಕಾರು ಬಂತು. ಸೂರ್ಯಪ್ರಕಾಶ್ ಇಸ್ತ್ರಿ ಮಾಡಿದ ಜುಬ್ಬದಲ್ಲಿ, ಕೆಂಪು ಗಿಟಾರಿನ ಪೆಟ್ಟಿಗೆ ಹಿಡಿದು ಇಳಿದ. ಹಿಂದೆ ದಯಾನಂದ್, ಒಂದು ಕೈಯಲ್ಲಿ ನೀಲಿಯದು, ಇನ್ನೊಂದು ಕೈಯಲ್ಲಿ ಬುತ್ತಿಯ ಡಬ್ಬಿಯಷ್ಟು ದೊಡ್ಡ ಸ್ಪೀಕರು. ಗಿಟಾರುಗಳು ಜಮಖಾನದ ಮೇಲೆ ಮಲಗಿದವು. ಗರಿಗಳ ನೆರಳು ಅವುಗಳ ಮೇಲೆ ಬೀಸಣಿಗೆ ಆಡಿತು. ಮೂವರೂ ಮೊಣಕಾಲೂರಿ ಕೂತು, ಉಸಿರು ತಗ್ಗಿಸಿ, ಸುಮ್ಮನೆ ನೋಡಿದರು. ಆ ಹೊತ್ತಿನಲ್ಲಿ ಜಗತ್ತಿನಲ್ಲಿ ಶೀಟು, ಸಿಮೆಂಟು, ಪೇಂಟು ಯಾವುದೂ ಇರಲಿಲ್ಲ.

"ಈ ಬಾಗು ನೋಡಿ," ಅಂದ ಸೂರ್ಯಪ್ರಕಾಶ್ ಪಿಸುಮಾತಿನಲ್ಲಿ.

"ಹೂಂ," ಅಂದ ದಯಾನಂದ್.

ಊರು ಕೂಡ ನೋಡಲು ಬಂತು. ಮೊದಲು ಬಂದವನು ಲೈನ್‌ಮನ್ ಮಾಯಣ್ಣ, ಸರ್ಕಾರಿ ಮುಖ ಹೊತ್ತು.

"ಕರೆಂಟಿನ ಗಿಟಾರು ಅಂತ ಸುದ್ದಿ ಬಂತು. ತ್ರೀ ಫೇಸೋ, ಸಿಂಗಲ್ ಫೇಸೋ?"

"ಇದಕ್ಕೆ ಫೇಸ್ ಗೀಸ್ ಬೇಡಪ್ಪ. ಸ್ಪೀಕರು ಬ್ಯಾಟ್ರಿದು," ಅಂದ ಸೂರ್ಯಪ್ರಕಾಶ್.

"ಈಗ ಹಂಗೇ ಅಂತೀರಿ. ಆಮ್ಯಾಲೆ ಪಂಪ್‌ಸೆಟ್ಟಿನ ಲೈನಿಗೆ ಕೊಕ್ಕೆ ಹಾಕ್ತೀರಿ. ಟ್ರಾನ್ಸ್‌ಫಾರ್ಮರ್ ಸುಟ್ರೆ ಬೈಸ್ಕಳೋನು ನಾನು," ಎಂದು ಮಾಯಣ್ಣ ಜಮಖಾನದ ಅಂಚಿನಲ್ಲಿ ಕಾವಲು ಕೂತ.

ಆಮೇಲೆ ಬಂದವನು ದುರ್ಗಯ್ಯ. ಇವನು ಊರಿನ ಕೊಬ್ಬರಿ ದಲ್ಲಾಳಿ. ಕಾಯಿಯ ರಾಶಿಯ ಮುಂದೆ ಕೂತು, ಎರಡೂ ಕೈಯಲ್ಲಿ ಒಂದೊಂದು ಅಲ್ಲಾಡಿಸಿ, ಅಟ್ಟ ಪೂರ್ತಿಗೆ ದರ ಹೇಳುವ ಆಸಾಮಿ. ಅವನು ಹೇಳಿದ ದರ್ಜೆಯನ್ನು ಹೊನ್ನವಳ್ಳಿಯಲ್ಲಿ ಯಾರೂ ಅಲ್ಲಗಳೆದದ್ದಿಲ್ಲ. ಗುರುಶಾಂತಮ್ಮನೇ ಅವನನ್ನು ಕರೆಸಿದ್ದಳು. ಗಿಟಾರಿನವರ ಮಾತನ್ನು ಒರೆಗೆ ಹಚ್ಚಲು ತನ್ನ ಕಡೆಯವನೊಬ್ಬ ಇರಲಿ ಎಂದು.

ಯಾರನ್ನೂ ಕೇಳದೆ ದುರ್ಗಯ್ಯ ಕೆಂಪು ಗಿಟಾರನ್ನು ಎತ್ತಿದ. ಸೂರ್ಯಪ್ರಕಾಶನ ಕೈ ಗಾಳಿಯಲ್ಲೇ ನಿಂತಿತು. ದುರ್ಗಯ್ಯ ಉಗುರಲ್ಲಿ ತಟ್ಟಿ, ಕಿವಿಗೆ ಹಿಡಿದು, ಅಲ್ಲಾಡಿಸಿ, ಮುಖ ಸೊಟ್ಟ ಮಾಡಿ ಕೆಳಗಿಟ್ಟ.

"ಹಸಿ."

"ಏನು ಹಸಿ? ಅದು ಒಂದೂವರೆ ಲಕ್ಷದ್ದು ಕಣ್ರೀ."

"ಬಣ್ಣ ಚೆನ್ನಾಗೈತೆ ಸ್ವಾಮಿ. ಆದ್ರೆ ಒಳಗೆ ಬಿಟ್ಕಂಡಿಲ್ಲ. ಅವಸರಕ್ಕೆ ಕಿತ್ತವ್ರೆ."

ನೀಲಿಯದನ್ನು ಅಲ್ಲಾಡಿಸಿದ. "ಇದೂ ಅಷ್ಟೇಯ." ಆಮೇಲೆ ಕಾಡಸಿದ್ದಪ್ಪನದನ್ನು ಎತ್ತಿದ. ಮೂಸಿದ. ಹೊಗೆಯ ಪರಿಮಳಕ್ಕೆ ಹುಬ್ಬು ಮೇಲೇರಿತು. ಅಲ್ಲಾಡಿಸಿದ.

ಲೊಡಲೊಡಲೊಡ.

ಸುತ್ತ ನೆರೆದಿದ್ದವರೆಲ್ಲ ಒಟ್ಟಿಗೆ "ಆಹಾ" ಅಂದರು. ಚಿಕ್ಕಗೌರಮ್ಮ ಕೈಮುಗಿದೇ ಬಿಟ್ಟಳು.

"ಇದಪ್ಪ ಮಾಲು," ಅಂದ ದುರ್ಗಯ್ಯ. "ಸಿದ್ದಪ್ಪಣ್ಣ, ಹಿಂಗೆ ಒಣಗ್ಸೋರು ಈಗ ಎಲ್ಲವ್ರೆ?"

ಸೂರ್ಯಪ್ರಕಾಶನ ಸಂಕಟ ನೋಡುವಂತಿತ್ತು. ಗಿಟಾರಿನ ಬಗ್ಗೆ ಅವನಿಗೆ ಗೊತ್ತಿದ್ದದ್ದೆಲ್ಲ ಫೋನಿನಲ್ಲಿ ನೋಡಿ ಕಲಿತದ್ದು. ಗಿಟಾರು ಅಲ್ಲಾಡಿಸಿದರೆ ಸದ್ದು ಬರಬೇಕೋ ಬಾರದೋ ಎಂದು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ಗೊತ್ತಿಲ್ಲ ಎಂದು ಇಷ್ಟು ಜನರ ಮುಂದೆ ಒಪ್ಪಿಕೊಳ್ಳುವುದು ಹೇಗೆ? ತಾನೇ ಮಾರಿದ ಗಿಟಾರಿಗೆ ಊರು ಕೈಮುಗಿಯುತ್ತಿದೆ, ತನ್ನ ಒಂದೂವರೆ ಲಕ್ಷದ್ದು ಹಸಿ ಎನಿಸಿಕೊಂಡು ಬಿದ್ದಿದೆ. ಅವನು ಗಂಟಲು ಸರಿಮಾಡಿಕೊಂಡ.

"ಹೌದು. ಇದನ್ನ ವಿಂಟೇಜ್ ಅಂತಾರೆ. ಮರ ಪೂರ್ತಿ ಮಾಗಿದಾಗ ಮಾತ್ರ ಬರೋ ಸದ್ದು. ಬಹಳ ಅಪರೂಪ."

ಗುರುಶಾಂತಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಹಂಗಾದ್ರೆ ಏನು ಬಾಳ್ತದೆ ಹೇಳಿ."

"ಮೂವತ್ತು ಕೊಡ್ತೀನಮ್ಮ. ನಾನೇ ವಾಪಸ್ ತಗೋತೀನಿ."

ಕಾಡಸಿದ್ದಪ್ಪ ಗೆದ್ದ. ಹೆಂಡತಿಯ ಕಡೆ ತಿರುಗಿ, ರಾಜಗಾಂಭೀರ್ಯದಿಂದ ಮೀಸೆ ಮುಟ್ಟಿಕೊಂಡ. ಅಲ್ಲಿಗೇ ನಿಂತಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಯಾವತ್ತೂ ಮಾತಾಡದ ದಯಾನಂದ್ ಅಂದೇ ಮಾತಾಡಿದ.

"ಮೂವತ್ತೈದು."

"ನಲವತ್ತು," ಅಂದ ಸೂರ್ಯಪ್ರಕಾಶ್.

ದರ ಏರುವುದನ್ನು ಕಂಡರೆ ದುರ್ಗಯ್ಯನ ಮೈಮೇಲೆ ದೇವರು ಬಂದಂತಾಗುತ್ತದೆ. "ನಲವತ್ತು ಅಂತವ್ರೆ, ನಲವತ್ತು. ಅಮ್ಮಸಂದ್ರದೋರೇ, ಸುಮ್ಕಾದ್ರಾ? ಇನ್ನೊಂದ್ಸಲ ಕೇಳ್ಸಲಾ ಸದ್ದು?" ಎಂದು ಗಿಟಾರು ಕುಲುಕಿದ. ಪ್ರತಿ ಲೊಡಲೊಡಕ್ಕೂ ಎರಡೂವರೆ ಸಾವಿರ ಏರಿ, ಕೊನೆಗೆ ಐವತ್ತಕ್ಕೆ ಸೂರ್ಯಪ್ರಕಾಶನ ಮೇಲೆ ನಿಂತಿತು.

"ಕೊಡ್ತೀವಿ," ಅಂದಳು ಗುರುಶಾಂತಮ್ಮ.

"ಅಲ್ಲ ಕಣೇ," ಅಂದ ಕಾಡಸಿದ್ದಪ್ಪ, ಕಾಲ ಕೆಳಗಿನ ಜಮಖಾನ ಯಾರೋ ಎಳೆದಂತಾಗಿ. "ಹೆಚ್ಚು ಬಾಳಿದ್ರೆ ಇಟ್ಕಳಿ ಅಂತ ನೀನೇ ಅಂದಿದ್ದೆ."

"ಒಂದ್ರುಪಾಯಿ ಹೆಚ್ಚು ಅಂದಿದ್ದೆ. ಇದು ಡಬಲ್ ಆಗೈತೆ. ಡಬಲ್ ಆದ ಮಾಲನ್ನ ಅಟ್ಟದಾಗೆ ಇಟ್ಕಂಡು ಕುಂತಿರೋರ್ನ ಹೊನ್ನವಳ್ಳೀಲಿ ಒಬ್ರನ್ನ ತೋರ್ಸಿ ನೋಡಾನ."

ಊರೆಲ್ಲ ಅವಳ ಕಡೆಗೇ ಇತ್ತು. "ರೇಟು ಇದ್ದಾಗ ಕೊಟ್ಬುಡಪ್ಪ," ಅಂದಳು ಚಿಕ್ಕಗೌರಮ್ಮ. "ಇನ್ನೊಂದು ತಂದು ಒಣಗ್ಸಿದ್ರಾಯ್ತು." ಸೂರ್ಯಪ್ರಕಾಶ್ ಆಗಲೇ ಮುಂಗಡಕ್ಕೆಂದು ಫೋನು ತೆಗೆದಿದ್ದ. ಜೇನಿನ ಬಣ್ಣದ ಮೇಲೆ ಗರಿಯ ನೆರಳು ಒಮ್ಮೆ ಸರಿದು ಬಂತು. ಇನ್ನು ಅಟ್ಟದ ಸಂಜೆಗಳಿಲ್ಲ, ಸಾವಿರ ಮರಗಳ ಸಭೆಯಿಲ್ಲ. ತನ್ನ ಮಾಲಿನ ಬೆಲೆ ತಾನೇ ಇಳಿಸದೆ ಉಳಿಗಾಲವಿಲ್ಲ ಎಂದು ಕಾಡಸಿದ್ದಪ್ಪನಿಗೆ ಹೊಳೆಯಿತು. ಇಂಥ ಯೋಚನೆ ಆ ಸೀಮೆಯ ತೋಟಗಾರನಿಗೆ ಬಂದದ್ದು ಬಹುಶಃ ಅದೇ ಮೊದಲು.

"ಒಂದು ನಿಮಿಷ," ಅಂದ. "ಮಾಲು ಕೊಡೋಕೆ ಮುಂಚೆ ಒಡೆದು ತೋರಿಸ್ಬೇಕು. ಕೊಬ್ಬರೀನೂ ಹಂಗೇ ಅಲ್ವಾ. ಒಳಗೆ ಕೆಟ್ಟಿದ್ರೆ ನಾಳೆ ನನ್ಮೇಲೆ ಮಾತು ಬರಬಾರ್ದು. ಮಾಯಣ್ಣ, ಟೆಸ್ಟರ್ ಕೊಡು."

ಈ ನ್ಯಾಯಕ್ಕೆ ದುರ್ಗಯ್ಯನೂ ತಲೆದೂಗಿದ. ಮಾಯಣ್ಣನ ಟೆಸ್ಟರಿನಿಂದ ಗಿಟಾರಿನ ಬೆನ್ನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರು. ಜನ ಕತ್ತು ಚಾಚಿದರು. ಕಾಡಸಿದ್ದಪ್ಪ ಗಿಟಾರನ್ನು ಬೋರಲು ಹಾಕಿದ. ಜಮಖಾನದ ಮೇಲೆ ಒಂದು ಸಣ್ಣ ಸ್ಕ್ರೂ ಬಿತ್ತು.

ದುರ್ಗಯ್ಯ ಗಿಟಾರನ್ನು ತೆಗೆದುಕೊಂಡು ಅಲ್ಲಾಡಿಸಿದ. ಸದ್ದಿಲ್ಲ. ಸ್ಕ್ರೂ ಒಳಗೆ ಹಾಕಿ ಅಲ್ಲಾಡಿಸಿದ. ಲೊಡಲೊಡ. ಹೊರಗೆ ತೆಗೆದ. ಅವನ ಮುಖದಲ್ಲಿ ಒಂದು ಜೀವಮಾನದ ನಂಬಿಕೆ ಅಲುಗಾಡಿದ್ದು ಕಾಣಿಸಿತು.

"ಅರ್ಥ್ ತಂತಿ ಸ್ಕ್ರೂ," ಅಂದ ಮಾಯಣ್ಣ ಒಳಗೆ ಇಣುಕಿ. "ಶಾಖಕ್ಕೆ ಮರ ಕುಗ್ಗಿ ಕಳಚೈತೆ. ಅರ್ಥ್ ಇಲ್ದಿರೋ ಐಟಂ. ನಾನು ಆಗ್ಲೇ ಹೇಳ್ಲಿಲ್ವಾ?" ಅವನು ಅಂಥದ್ದೇನೂ ಹೇಳಿರಲಿಲ್ಲ.

ಸೂರ್ಯಪ್ರಕಾಶ್ ಫೋನನ್ನು ಜೇಬಿಗಿಳಿಸಿದ. "ನನಗೆ ಮೊದಲೇ ಅನುಮಾನ ಇತ್ತು."

"ಐವತ್ತು ಬ್ಯಾಡ, ಇಪ್ಪತ್ತೈದಕ್ಕಾದ್ರೂ ವಾಪಸ್ ತಗಳಿ," ಅಂದಳು ಗುರುಶಾಂತಮ್ಮ.

"ಹೆಂಗಮ್ಮ ತಗೊಳ್ಳೋದು? ಕಾಯಿ ಜೊತೆ ಹೊಗೆ ಹಾಕಿದ್ದಾರೆ. ಬೀರುವಿನಲ್ಲಿಟ್ರೆ ಅಂಗಡಿಯೆಲ್ಲ ಕೊಬ್ಬರಿ ವಾಸನೆ. ಹತ್ತಕ್ಕೂ ಯಾರೂ ಮುಟ್ಟಲ್ಲ."

ಗುರುಶಾಂತಮ್ಮ ಗಂಡನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಕಾಡಸಿದ್ದಪ್ಪ ತಲೆ ತಗ್ಗಿಸಿ ನಿಂತ. ತಲೆ ತಗ್ಗಿಸಿದ್ದು ನಗು ಕಾಣಬಾರದೆಂದು.

ಅಷ್ಟರಲ್ಲಿ ದಯಾನಂದ್ ಸದ್ದಿಲ್ಲದೆ ಸ್ಕ್ರೂವನ್ನು ಅದರ ಜಾಗಕ್ಕೆ ಬಿಗಿದು, ಮುಚ್ಚಳ ಹಾಕಿ, ಕೇಬಲ್ಲು ಚುಚ್ಚಿ, ಸ್ಪೀಕರಿನ ಗುಂಡಿ ತಿರುಗಿಸಿದ್ದ. ಬಳಗ ಹುಟ್ಟಿದಾಗಿನಿಂದ ಆ ಸ್ಪೀಕರು ಹೊತ್ತು ತಿರುಗಿದವನು ಅವನು. ಇವತ್ತಾದರೂ ಯಾರಾದರೂ ಒಂದು ತಂತಿ ಮುಟ್ಟಲಿ ಎಂಬ ಆಸೆ ಅವನಿಗಿತ್ತೆಂದು ಯಾರಿಗೂ ತಿಳಿದಿರಲಿಲ್ಲ. "ಮುಟ್ಟಿ ಸರ್, ಒಂದ್ಸಲ," ಎಂದು ಗಿಟಾರನ್ನು ಕಾಡಸಿದ್ದಪ್ಪನ ಮಡಿಲಿಗಿಟ್ಟ.

ಕಾಡಸಿದ್ದಪ್ಪ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದ.

ಆ ನಾದ ನೆಲದಿಂದ ಎದ್ದಂತಿತ್ತು. ಬಾವಿಯ ಆಳದಲ್ಲಿ ಯಾರೋ ನಿಧಾನವಾಗಿ ಹೆಸರು ಕರೆದಂತೆ, ಗುಂಯ್ ಎಂದು ಮರದಿಂದ ಮರಕ್ಕೆ ದಾಟಿ, ಗರಿಗಳ ನಡುವೆ ಕೂತು, ಹೊಗೆಯಂತೆ ತೆಳುವಾಗುತ್ತಾ ಹೋಯಿತು. ಹಸು ಮೆಲುಕು ನಿಲ್ಲಿಸಿ ಈ ಕಡೆ ತಿರುಗಿತು. ಚಿಕ್ಕಗೌರಮ್ಮನ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ಗುರುಶಾಂತಮ್ಮನ ಮುಖದಲ್ಲಿದ್ದ ಕೋಪ ಕೂಡ ಒಂದು ಗಳಿಗೆ ತಾನು ಬಂದ ಕೆಲಸ ಮರೆಯಿತು. ನಾದ ಮುಗಿದ ಮೇಲೂ ಎಲ್ಲರೂ ಅದು ಹೋದ ದಿಕ್ಕನ್ನೇ ನೋಡುತ್ತಿದ್ದರು.

ಮೊದಲು ಎಚ್ಚೆತ್ತವನು ಸೂರ್ಯಪ್ರಕಾಶ್. ಅವನ ಕೈ ಮತ್ತೆ ಜೇಬಿನ ಕಡೆ ಹೋಯಿತು. "ಅಲ್ಲಾ... ಮರ ನಿಜವಾಗ್ಲೂ ಒಣಗಿದೆ ಅನ್ಸುತ್ತೆ. ಹಂಗಾದ್ರೆ ಅಮ್ಮಾವ್ರೇ..."

ಗುರುಶಾಂತಮ್ಮ ತಿರುಗಿದಳು.

ಕಾಡಸಿದ್ದಪ್ಪ ಕೇಬಲ್ಲನ್ನು ಕಿತ್ತು ಎಸೆದ. "ಥೂ," ಅಂದ, ಮುಖ ಕಿವುಚಿ. "ಇದೇನು ನಾದ. ಸೀದೋಗೈತೆ. ಹೊಗೆ ಜಾಸ್ತಿಯಾಗಿ ಒಳಗೆಲ್ಲ ಕಮಟು. ಇದು ಕೌಟು ಹಿಡಿದಿರೋ ಗಿಟಾರು."

ದುರ್ಗಯ್ಯ ಟವೆಲ್ ಕೊಡವಿ ಎದ್ದ. ಈ ವಿಷಯದಲ್ಲಿ ಅವನಿಗೆ ಮತ್ತೆ ನೆಲ ಸಿಕ್ಕಿತ್ತು. "ಮೂವತ್ತು ವರ್ಸದಿಂದ ದಲ್ಲಾಳಿ ಮಾಡ್ತಿವ್ನಿ. ಕೊಳೆತು ನಾರೋ ಕೊಬ್ಬರೀನೂ ಒಬ್ಬ ಮಾಲೀಕ ಕೆಟ್ಟೈತೆ ಅಂದಿದ್ದು ಕೇಳಿಲ್ಲ. ಮಾಲಿನೋನೇ ಹಾಳು ಅಂದ್ಮ್ಯಾಲೆ, ಅದು ಎಂಥಾ ಹಾಳಿರ್ಬೇಕು. ಮುಟ್ಟಬ್ಯಾಡಿ ಸ್ವಾಮಿ."

ಇಷ್ಟು ಬಲವಾದ ಸಾಕ್ಷಿಯ ಮುಂದೆ ಸೂರ್ಯಪ್ರಕಾಶನ ಕಿವಿ ಸೋತಿತು. ಅವನು ಕೆಂಪು ಗಿಟಾರನ್ನು ಮೂರು ಸಲ ಒರೆಸಿ ಪೆಟ್ಟಿಗೆಗಿಟ್ಟ. ಉಪ್ಪಿಟ್ಟು ತಿಂದು ಕಾರು ಹತ್ತಿದರು. ಹೊರಡುವಾಗ ದಯಾನಂದ್ ಮಾತ್ರ ಕಿಟಕಿಯಿಂದ ಕಾಡಸಿದ್ದಪ್ಪನನ್ನೇ ನೋಡುತ್ತಿದ್ದ. ಆ ಸಣ್ಣ ಸ್ಪೀಕರನ್ನು ಚಾಪೆಯ ಮೇಲೆ ಮರೆತು ಹೋದ. ಕೇಳಲು ಆಮೇಲೂ ಬರಲಿಲ್ಲ.

ಕೊಟ್ಟಿಗೆಗೆ ಆ ಮಳೆಗಾಲ ನೀಲಿ ಟಾರ್ಪಾಲೇ ಗತಿಯಾಯಿತು. ಗುರುಶಾಂತಮ್ಮ ಮಾತಾಡಿದ್ದು ಮಳೆ ನಿಂತ ಮೇಲೆ. ಗಿಟಾರು ಮನೆಯಲ್ಲಿ ಉಳಿಯಿತು, ಮತ್ತು ಆ ಸೀಮೆಯಲ್ಲಿ ನುಡಿಯುವ ಗಿಟಾರು ಅದೊಂದೇ. ಆದರೆ ಯಾರಾದರೂ ಮನೆಗೆ ಬಂದು ಅದನ್ನು ಕಂಡು ಕಣ್ಣರಳಿಸಿದರೆ, ಕಾಡಸಿದ್ದಪ್ಪ ಹೆಂಡತಿ ಎಲ್ಲಿದ್ದಾಳೆಂದು ನೋಡಿಕೊಂಡು, "ಕೆಟ್ಟೋಗಿರೋದು, ಬಿಸಾಕೋಕೆ ಮನಸ್ಸಿಲ್ಲ" ಎಂದು ಹೇಳಬೇಕು. ಅವನಿಗೆ ಸಿಕ್ಕಿದ್ದು ಗಿಟಾರು. ಹೋದದ್ದು, ಅದು ಚೆನ್ನಾಗಿದೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಸುಖ.